ಗುರುವಾರ, ಕೊನೆಯ ಪೀರಿಯಡ್

ಕಪಾಟಿನಲ್ಲಿ ಇರುವುದಿಷ್ಟು:
ಗಾಳಿ ನಿಲ್ಲದ ವಾಲಿಬಾಲು, ಎರಡು ರಿಂಗು,
ಹಿಡಿಕೆ ಸೀಳಿದ್ದಕ್ಕೆ ಸೈಕಲ್ ಟ್ಯೂಬು ಸುತ್ತಿದ ಬ್ಯಾಟು,
ಒಂದು ಸೀಟಿ, ಅದೂ ನನ್ನ ಸ್ವಂತದ್ದು.
ಮತ್ತೆ ಮೇಲಿನವರ ಸುತ್ತೋಲೆ:
'ಸರ್ವ ಮಕ್ಕಳೂ ಪಾಲ್ಗೊಳ್ಳುವಂತಹ ಆಟಗಳನ್ನೇ ಆಯ್ದುಕೊಳ್ಳತಕ್ಕದ್ದು.'
ಆಯ್ದುಕೊಳ್ಳತಕ್ಕದ್ದು, ಸರಿ.
ಎಲ್ಲಿಂದ?

ಹದಿನಾರು ವರ್ಷ ಕಬಡ್ಡಿ ಆಡಿಸಿದ ಅಕ್ಕೋರು ನಾನು.
ಮಾಜಾಳಿಯ ಮರಳಲ್ಲಿ ಕಾಲಿಂದಲೇ ಗೆರೆ ಎಳೆದು
'ಎರಡು ಪಾರ್ಟಿ ಮಾಡಿ' ಅಂದರೆ ಸಾಕು,
ಸಾಹಿಲ್ ಪೆಡ್ನೇಕರ ಬೆರಳು ಚಾಚುತ್ತಿದ್ದ:
ಮೊದಲು ಓಡುವವರು, ಆಮೇಲೆ ಹಿಡಿಯುವವರು,
ಆಮೇಲೆ, 'ಇರಲಿ ಬಾ', ಮುಜಫ್ಫರ್.
ದಪ್ಪ ಕನ್ನಡಕದ ನೊಯೆಲ್ ತಾನಾಗಿಯೇ ಹೋಗಿ
ಗಾಳಿಮರದ ಬೇರಿನ ಮೇಲೆ ಕೂರುತ್ತಿದ್ದ.
ರಸ್ತೆ ಕೆಲಸದವರ ಮಗಳು ಯಲ್ಲವ್ವ
ಮೂರು ತಿಂಗಳಿಗೆಂದು ಬಂದವಳು,
ಯಾವ ಪಾರ್ಟಿಗೂ ಸೇರದೆ ಗೆರೆಯ ಮೇಲೇ ನಿಲ್ಲುತ್ತಿದ್ದಳು.
ಕಾಲಿಗೆ ಕ್ಯಾಲಿಪರ್ ಕಟ್ಟಿದ ಪ್ರಣಾಲಿ ತಾಂಡೇಲಳಿಗೆ
ನಾನೇ ಕೊಟ್ಟ ಕೆಲಸ, ಅಂಕ ಬರೆಯುವುದು.
ಎಷ್ಟು ಚಂದ ಬರೆಯುತ್ತಿದ್ದಳೆಂದರೆ
ಮೂರು ವರ್ಷ ನನಗೆ ನಾಚಿಕೆಯೇ ಆಗಲಿಲ್ಲ.

ಆದದ್ದು ಅವಳ ನೋಟುಬುಕ್ಕಿನ ಕೊನೆಯ ಹಾಳೆ ನೋಡಿ.
ಅಲ್ಲೊಂದು ಪಂದ್ಯ; ನಡೆಯದ ಪಂದ್ಯ.
ರೇಡ್: ಪ್ರಣಾಲಿ. ಔಟ್: ಸಾಹಿಲ್.
ರೇಡ್: ಪ್ರಣಾಲಿ. ಔಟ್: ಸಾಹಿಲ್, ಮತ್ತಿಬ್ಬರು.
ರೇಡ್: ಪ್ರಣಾಲಿ. ಔಟ್: ಪ್ರಣಾಲಿ.

ಆ ವಾರವಿಡೀ ಆಟ ಹುಡುಕಿದೆ.
ಕುಂಟಾಟ ಅನ್ನಲು ಹೋಗಿ ನಾಲಿಗೆ ಕಚ್ಚಿಕೊಂಡೆ.
ಅವಳೇ ನಕ್ಕಳು: 'ಹೇಳಿ ಅಕ್ಕೋರೇ,
ಅದರಲ್ಲಿ ಇವರೆಲ್ಲ ನನಗಿಂತ ಜೂನಿಯರು.'
ಲಗೋರಿಗೆ ಬಗ್ಗಬೇಕು, ಖೋ ಖೋಗೆ ಎದ್ದು ಕೂರಬೇಕು,
ಸಂಗೀತ ಕುರ್ಚಿಯಲ್ಲಿ ಮೊದಲ ಹಾಡಿಗೇ ಒಬ್ಬರು ಹೊರಗೆ.
ಆಟಗಳೆಲ್ಲ ಯಾರನ್ನಾದರೂ ಕಳಿಸಲಿಕ್ಕೇ ಹುಟ್ಟಿದಂತೆ.

ಭಾನುವಾರ ದಂಡೆಯಲ್ಲಿ ರಂಪಣಿ ಎಳೆಯುತ್ತಿದ್ದರು.
ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಪಾಲು:
ಉಬ್ಬಸದ ಮುದುಕ ಉಮಾಕಾಂತನಿಗೂ,
ವಾಕಿಂಗಿಗೆ ಬಂದು ಪ್ಯಾಂಟು ಮಡಚಿದ ಬ್ಯಾಂಕಿನವನಿಗೂ.
ಯಾರು ಎಷ್ಟು ಎಳೆದರೆಂದು ತೂಗುವ ತಕ್ಕಡಿ ಅಲ್ಲಿರಲಿಲ್ಲ.
ಹಳೆ ಬಲೆಯ ತುಂಡು ಕೇಳಿದೆ.
ಕೊಟ್ಟರು, ಬಂಗಡೆ ವಾಸನೆ ಸಮೇತ.

ಗುರುವಾರ ಎಲ್ಲರೂ ಮರಳಲ್ಲಿ ಕುಳಿತು ಅಂಚು ಹಿಡಿದೆವು.
ನಡುವೆ ಚೆಂಡು, ನೊಯೆಲನ ಕಿವಿಗೆಂದು ಗೆಜ್ಜೆ ಕಟ್ಟಿದ್ದು.
ಕುಲುಕಿ ಹಾರಿಸಬೇಕು, ಕೆಳಗೆ ಬೀಳಬಾರದು, ಅಷ್ಟೇ.
ಸರ್ವರೂ ಪಾಲ್ಗೊಂಡರು. ನಕ್ಕರು ಕೂಡ.
ನಾನು ಮನಸ್ಸಿನಲ್ಲೇ ಸುತ್ತೋಲೆಗೆ ಉತ್ತರ ಬರೆಯುತ್ತಿದ್ದೆ.

ಹತ್ತೇ ನಿಮಿಷ. ಪ್ರಣಾಲಿ ಕೇಳಿದಳು:
'ಅಕ್ಕೋರೇ, ಇದರಲ್ಲಿ ಔಟ್ ಆಗೋದು ಹೇಗೆ?'
'ಯಾರೂ ಔಟ್ ಇಲ್ಲ ಮಗಾ.'
'ಹಾಗಾದರೆ ಇದು ಆಟ ಅಲ್ಲ.'
ಹೌದೆಂದು ಸಾಹಿಲ್ ತಲೆಯಾಡಿಸಿದ;
ಮೊದಲ ಸಲ ಅವರಿಬ್ಬರೂ ಒಂದೇ ಪಾರ್ಟಿ.

ನಿಯಮ ಅವರೇ ಮಾಡಿದರು, ನನ್ನದು ಸೀಟಿ ಮಾತ್ರ.
ಬಲೆಗೆ ಎರಡು ಕಡೆ. ಚೆಂಡು ಯಾರ ಮುಂದೆ ಜಾರಿತೋ ಅವರು ಔಟ್.
ಔಟಾದವರು ಎಲ್ಲಿಗೆ ಹೋಗಬೇಕು?
ಬೇರಿನ ಕಡೆ ಆಗಲೇ ನೋಡಿದ್ದ ನೊಯೆಲ್.
'ಆ ಕಡಿ ಹೋಗಿ ಕುಂದ್ರಬೇಕ್ರಿ' ಎಂದಳು ಯಲ್ಲವ್ವ,
ಗೆರೆ ಬಿಟ್ಟು ಎದುರು ಬದಿಗೆ ಕೈ ತೋರಿಸಿ.
ಅದೇ ನಾನು ಕೇಳಿದ ಅವಳ ಮೊದಲ ಮಾತು.

ಮುಜಫ್ಫರ್ ಕೂತ ಮೂಲೆ ಅಲ್ಲಾಡಲಿಲ್ಲ,
ಅವನಿಗಾಗಿ ಎರಡೂ ಕಡೆಯವರ ಜಗಳ.
ನೊಯೆಲ್ ಗೆಜ್ಜೆ ಕೇಳಿ ನಮಗಿಂತ ಮೊದಲೇ ಬಲೆ ಎತ್ತುತ್ತಿದ್ದ.
ಪ್ರಣಾಲಿಯ ಮುಂದೆ ಮಾತ್ರ ಬಲೆಗೊಂದು ತೂತು.
ಚೆಂಡು ಸೀದಾ ಅದರೊಳಗಿಂದ.

'ಔಟ್!' ಎಂದು ಕೂಗಿದ ಸಾಹಿಲ್,
ಒಂದಿಷ್ಟೂ ಕರುಣೆಯಿಲ್ಲದೆ.
ಅವಳು ಕಾಲು ಎಳೆದುಕೊಂಡು ಎದುರು ಬದಿಗೆ ಹೊರಟಳು,
ದಾರಿಯುದ್ದ ವಾದಿಸುತ್ತ: ಬಿದ್ದದ್ದು ತೂತಿನಿಂದ,
ತನ್ನಿಂದಲ್ಲ, ಇದು ಮೋಸ, ಮೋಸ,
ಮುಖದ ತುಂಬ ಬೆವರು, ನಗು, ಸಿಟ್ಟು.

ಬೇರಿನ ಮೇಲೆ ಅಂಕದ ಪುಸ್ತಕ
ಗಾಳಿಗೆ ತಾನೇ ಹಾಳೆ ತಿರುವುತ್ತಿತ್ತು.
ಬಲೆಯ ಆ ತೂತು ಹೊಲಿಯಬೇಕು.
ಇನ್ನೂ ಹೊಲಿದಿಲ್ಲ.